ಹುಲಿಗೆಮ್ಮನ ಹತ್ತರ ಪಾನಾ

ಅದೊಂದು ಸಾದಾ ಮಂಗಳವಾರ. ಹುಲಿಗೆಮ್ಮನ ಅಪ್ಪ ಮನೆಯ ಮುಂದೆ ಟೆಂಪೋ ನಿಲ್ಲಿಸಿದ. ಕೈಕಾಲು ತೊಳೆದ. ಒಂದು ಚೊಂಬು ನೀರು ಕುಡಿದ. ಗೋಡೆಗೆ ಒರಗಿ ಕುಳಿತ. ಮತ್ತೆ ಏಳಲಿಲ್ಲ.

ಅಪ್ಪ ಹೋದ. ಟೆಂಪೋ ನಿಂತಿತು. ಬಿಸಿಲು ಬಂತು, ಟೆಂಪೋ ನಿಂತೇ ಇತ್ತು. ಮಳೆ ಬಂತು, ಟೆಂಪೋ ನಿಂತೇ ಇತ್ತು. ನಿಂತು ನಿಂತು ಕೆಟ್ಟಿತು.

ಹುಲಿಗೆಮ್ಮ ತರಬೇತಿ ಕಾಲೇಜು ಸೇರಿದಳು. ಗಾಡಿ ರಿಪೇರಿ ಕಲಿಯಲು ಸೇರಿದಳು. ಅಲ್ಲಿ ಇಪ್ಪತ್ತು ಹುಡುಗರು. ಹುಡುಗಿ ಅವಳೊಬ್ಬಳೇ. ಟೆಂಪೋವನ್ನೂ ಕಾಲೇಜಿನ ಶೆಡ್ಡಿಗೆ ಎಳೆದು ತಂದರು. ಅದನ್ನೇ ಬಿಚ್ಚಿದಳು, ಅದನ್ನೇ ಜೋಡಿಸಿದಳು, ಅದರಲ್ಲೇ ಕಲಿತಳು.

ಅವ್ವ ಒಂದೇ ಮಾತು ಹೇಳಿದ್ದಳು. ವರ್ಷದೊಳಗೆ ಟೆಂಪೋ ಚಾಲೂ ಆದರೆ ಮನೆಗೆ ಬರಲಿ. ಆಗದಿದ್ದರೆ ಗುಜರಿಗೆ ಹೋಗಲಿ. ನಿಂತ ಗಾಡಿ ನೋಡಲು ತನ್ನಿಂದಾಗದು.

ಇವತ್ತು ವರ್ಷ ತುಂಬಿತು. ಐದು ಗಂಟೆಗೆ ಗುಜರಿಯವರ ಕ್ರೇನು ಬರುತ್ತದೆ.

ಮೂರು ಗಂಟೆಗೆ ಹುಲಿಗೆಮ್ಮ ಕೊನೆಯ ಬೋಲ್ಟು ಬಿಗಿದಳು. ಕೈಯಲ್ಲಿ ಎಣ್ಣೆ ಇತ್ತು. ಕೈ ಜಾರಿತು. ಬೋಲ್ಟು ಬಿಗಿಯುವ ಸ್ಪ್ಯಾನರು, ಹತ್ತನೇ ನಂಬರಿನ ಪಾನಾ, ಬಿತ್ತು. ಠಣ್ ಎಂದಿತು. ಆಮೇಲೆ ಸದ್ದಿಲ್ಲ.

ಶೆಡ್ಡಿನ ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಪ್ರತಿ ಪಾನಾದ ನೆರಳನ್ನು ಕರಿ ಬಣ್ಣದಲ್ಲಿ ಬರೆದಿದ್ದಾರೆ. ಕೆಲಸ ಮುಗಿದ ಮೇಲೆ ಪ್ರತಿ ಪಾನಾ ತನ್ನ ನೆರಳಿನ ಮೇಲೆ ಕೂರಬೇಕು. ಎಂಟರದು ಕೂತಿತು. ಒಂಬತ್ತರದು ಕೂತಿತು. ಹನ್ನೊಂದರದು ಕೂತಿತು. ಹತ್ತರ ನೆರಳು ಖಾಲಿ.

ಪಾಠ ಹೇಳುವ ಕಟ್ಟಿಮನಿ ಸರ್ ಹಲಗೆ ನೋಡಿದರು.

"ಹಲಗಿ ತುಂಬದ ಕೀಲಿ ತಿರುವಾಂಗಿಲ್ಲ, ಹುಲಿಗೆಮ್ಮ. ಪಾನಾ ಎಂಜಿನ್ನಿನೊಳಗ ಇದ್ದರ ನಿಮ್ಮಪ್ಪನ ಎಂಜಿನ್ ಒಡೀತೈತಿ."

ಪಾನಾ ಸಿಗದೆ ಹಲಗೆ ತುಂಬದು.
ಹಲಗೆ ತುಂಬದೆ ಟೆಂಪೋ ಹೊರಡದು.

ಹುಲಿಗೆಮ್ಮ ಎಂಜಿನ್ನಿನಲ್ಲಿ ಹುಡುಕಿದಳು. ಇಲ್ಲ. ಸೀಟಿನ ಕೆಳಗೆ ಹುಡುಕಿದಳು. ಇಲ್ಲ. ಟೆಂಪೋದ ಅಡಿಯಲ್ಲಿ ಒಂದು ಗುಂಡಿ ಇತ್ತು. ಗಾಡಿಯ ಕೆಳಗೆ ನಿಂತು ಕೆಲಸ ಮಾಡುವ ಗುಂಡಿ. ಅದರ ತುಂಬ ಕರಿ ನೀರು.

ಗುಂಡೀ ಗುಂಡೀ, ಪಾನಾ ಕೊಡು ಎಂದಳು. ಗುಂಡಿ ಕೊಡಲಿಲ್ಲ. ನೀರು ಹೋಗಲಿ, ಆಮೇಲೆ ಕೇಳು ಎಂದಿತು.

ನೀರು ಹೋಗದೆ ಪಾನಾ ಸಿಗದು.
ಪಾನಾ ಸಿಗದೆ ಹಲಗೆ ತುಂಬದು.
ಹಲಗೆ ತುಂಬದೆ ಟೆಂಪೋ ಹೊರಡದು.

ಹುಲಿಗೆಮ್ಮ ಕೈಪಂಪಿನ ಬಳಿ ಹೋದಳು. ಪಂಪೇ ಪಂಪೇ, ನೀರು ಎಳೆ ಎಂದಳು. ಪಂಪು ಗೊರಗೊರ ಎಂದಿತು. ಎಳೆಯಲಿಲ್ಲ. ಗಂಟಲಿನ ವಾಷರ್ ಸವೆದಿದೆ, ಹೊಸದು ತಾ ಎಂದಿತು.

ವಾಷರ್ ಬಾರದೆ ಪಂಪು ಎಳೆಯದು.
ಪಂಪು ಎಳೆಯದೆ ನೀರು ಹೋಗದು.
ನೀರು ಹೋಗದೆ ಪಾನಾ ಸಿಗದು.
ಪಾನಾ ಸಿಗದೆ ಹಲಗೆ ತುಂಬದು.
ಹಲಗೆ ತುಂಬದೆ ಟೆಂಪೋ ಹೊರಡದು.

ಹುಲಿಗೆಮ್ಮ ಸ್ಟೋರಿಗೆ ಓಡಿದಳು. ಸ್ಟೋರಿನ ಕೀಲಿ ಗವಿಸಿದ್ದಪ್ಪನ ಸೊಂಟದಲ್ಲಿ. ಗವಿಸಿದ್ದಪ್ಪ ಸ್ಟೂಲಿನ ಮೇಲೆ.

ಕಾಕಾ, ಒಂದು ವಾಷರ್ ಕೊಡಿ ಎಂದಳು. ಯಾಕೆ ಬೇಕು ಎಂದು ಅವನು ಕೇಳಿದ. ಹೇಳಿದಳು.

"ಹನ್ನೆರಡರದು ಕಳೆಯಾಂಗಿಲ್ಲ, ಹದಿನಾಲ್ಕರದು ಕಳೆಯಾಂಗಿಲ್ಲ. ಯಾವಾಗಲೂ ಹತ್ತರದ ಕಳೀತೈತಿ ನೋಡವ್ವ" ಎಂದ. ನಕ್ಕ. ಏಳಲಿಲ್ಲ. ಮೂರರ ಚಹಾ ಕುಡಿಯದೆ ಅವನು ಕೀಲಿ ಮುಟ್ಟುವವನಲ್ಲ. ಚಹಾ ಇನ್ನೂ ಬಂದಿರಲಿಲ್ಲ.

ಚಹಾ ಕುದಿಯದೆ ಸ್ಟೋರು ತೆರೆಯದು.
ಸ್ಟೋರು ತೆರೆಯದೆ ವಾಷರ್ ಬಾರದು.
ವಾಷರ್ ಬಾರದೆ ಪಂಪು ಎಳೆಯದು.
ಪಂಪು ಎಳೆಯದೆ ನೀರು ಹೋಗದು.
ನೀರು ಹೋಗದೆ ಪಾನಾ ಸಿಗದು.
ಪಾನಾ ಸಿಗದೆ ಹಲಗೆ ತುಂಬದು.
ಹಲಗೆ ತುಂಬದೆ ಟೆಂಪೋ ಹೊರಡದು.

ಹುಲಿಗೆಮ್ಮ ಕ್ಯಾಂಟೀನಿಗೆ ಓಡಿದಳು. ಖಾಸಿಂಬಿ ಅಕ್ಕ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಳು. ಸೀಮೆಎಣ್ಣೆ ಒಲೆಯ ಸಣ್ಣ ತೂತು ಮಸಿಯಿಂದ ಕಟ್ಟಿತ್ತು. ಅದನ್ನು ಬಿಡಿಸಲು ಪಿನ್ನು ದಪ್ಪವಾಯಿತು. ಕೂದಲಿನಂಥ ತಂತಿ ಬೇಕು. ಅಂಥ ತಂತಿಯನ್ನೆಲ್ಲ ಬೇವಿನ ಮರದ ಕಾಗೆ ಒಯ್ದಿತ್ತು. ತಂತಿಯಲ್ಲೇ ಗೂಡು ಕಟ್ಟಿತ್ತು.

ಹುಲಿಗೆಮ್ಮ ಬೇವಿನ ಮರದ ಕೆಳಗೆ ನಿಂತಳು. ಕಾಗೇ ಕಾಗೇ, ಇಳಿದು ಬಾ. ಒಂದು ತಂತಿ ಕೊಡು ಎಂದಳು. ಕಾಗೆ ಇಳಿಯಲಿಲ್ಲ.

ಕಾಗೆ ಇಳಿಯದೆ ತಂತಿ ಸಿಗದು.
ತಂತಿ ಸಿಗದೆ ಒಲೆ ಉರಿಯದು.
ಒಲೆ ಉರಿಯದೆ ಚಹಾ ಕುದಿಯದು.
ಚಹಾ ಕುದಿಯದೆ ಸ್ಟೋರು ತೆರೆಯದು.
ಸ್ಟೋರು ತೆರೆಯದೆ ವಾಷರ್ ಬಾರದು.
ವಾಷರ್ ಬಾರದೆ ಪಂಪು ಎಳೆಯದು.
ಪಂಪು ಎಳೆಯದೆ ನೀರು ಹೋಗದು.
ನೀರು ಹೋಗದೆ ಪಾನಾ ಸಿಗದು.
ಪಾನಾ ಸಿಗದೆ ಹಲಗೆ ತುಂಬದು.
ಹಲಗೆ ತುಂಬದೆ ಟೆಂಪೋ ಹೊರಡದು.

ನಾಲ್ಕು ಗಂಟೆ ಹೊಡೆಯಿತು.

ಹುಲಿಗೆಮ್ಮ ಬುತ್ತಿ ಬಿಚ್ಚಿದಳು. ಮಧ್ಯಾಹ್ನ ಉಂಡಿರಲಿಲ್ಲ. ಎರಡು ಜೋಳದ ರೊಟ್ಟಿ ಹಾಗೇ ಇದ್ದವು.

ಅಪ್ಪ ಹೋದಾಗ ಮಾಳಿಗೆಯ ಮೇಲೆ ಎಡೆ ಇಟ್ಟಿದ್ದರು. ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ ಎನ್ನುತ್ತಾರೆ. ಅವ್ವ ಸಂಜೆಯವರೆಗೆ ಕಾದಿದ್ದಳು. ಕಾಗೆ ಬಂದಿರಲಿಲ್ಲ.

ಹುಲಿಗೆಮ್ಮ ರೊಟ್ಟಿ ಮುರಿದು ಕಲ್ಲಿನ ಮೇಲೆ ಇಟ್ಟಳು. ದೂರ ಹೋಗಿ ಕುಳಿತಳು. ಏನೂ ಕೇಳಲಿಲ್ಲ.

ಕಾಗೆ ಒಮ್ಮೆ ನೋಡಿತು. ಮತ್ತೊಮ್ಮೆ ನೋಡಿತು. ರೆಕ್ಕೆ ಬಡಿದು ರೊಟ್ಟಿಯತ್ತ ಹಾರಿತು. ಗೂಡು ಅಲುಗಿತು. ಒಂದು ತಂತಿ ಕೆಳಗೆ ಬಿತ್ತು.

ಕಾಗೆ ಇಳಿಯಿತು, ತಂತಿ ಸಿಕ್ಕಿತು. ಹುಲಿಗೆಮ್ಮ ಒಲೆಯ ತೂತಿನಲ್ಲಿ ತಂತಿ ಆಡಿಸಿದಳು. ಮೆಲ್ಲಗೆ, ಮೆಲ್ಲಗೆ. ಎಂಜಿನ್ನಿನ ತೂತುಗಳನ್ನು ಹೀಗೆಯೇ ಬಿಡಿಸುತ್ತಿದ್ದಳು.

ತಂತಿ ಸಿಕ್ಕಿತು, ಒಲೆ ಉರಿಯಿತು. ಒಲೆ ಉರಿಯಿತು, ಚಹಾ ಕುದಿಯಿತು. ಗವಿಸಿದ್ದಪ್ಪ ಬಸಿಯಲ್ಲಿ ಹುಯ್ದುಕೊಂಡ. ಊದಿದ. ಕುಡಿದ. ಮತ್ತೆ ಹುಯ್ದುಕೊಂಡ. ಮತ್ತೆ ಊದಿದ. ಆಮೇಲೆ ಎದ್ದ.

ಗೇಟಿನಲ್ಲಿ ಕ್ರೇನು ಬಂದು ನಿಂತಿತು. ಅದರ ಹಿಂದೆ ಅವ್ವ ನಡೆದು ಬಂದಳು.

ಚಹಾ ಕುದಿಯಿತು, ಸ್ಟೋರು ತೆರೆಯಿತು.
ಸ್ಟೋರು ತೆರೆಯಿತು, ವಾಷರ್ ಬಂತು.
ವಾಷರ್ ಬಂತು, ಪಂಪು ಎಳೆಯಿತು.
ಪಂಪು ಎಳೆಯಿತು, ನೀರು ಹೋಯಿತು.

ಇಪ್ಪತ್ತು ಹುಡುಗರೂ ಪಂಪು ಹೊಡೆದರು. ಒಬ್ಬನ ಕೈ ಸೋತರೆ ಇನ್ನೊಬ್ಬ ಹಿಡಿದ. ಕ್ರೇನಿನವನು ಕೊಕ್ಕೆ ಇಳಿಸಿದ. ಸ್ವಲ್ಪ ತಡಿಯಪ್ಪಾ ಎಂದಳು ಅವ್ವ. ಅವನು ತಡೆದ.

ಗುಂಡಿಯ ತಳದಲ್ಲಿ, ಕೆಸರಿನಲ್ಲಿ, ಪಾನಾ ಮಲಗಿತ್ತು.

ನೀರು ಹೋಯಿತು, ಪಾನಾ ಸಿಕ್ಕಿತು.
ಪಾನಾ ಸಿಕ್ಕಿತು, ಹಲಗೆ ತುಂಬಿತು.

ಕಟ್ಟಿಮನಿ ಸರ್ ಹಲಗೆ ನೋಡಿದರು. ಎಂಟು. ಒಂಬತ್ತು. ಹತ್ತು. ಹನ್ನೊಂದು. ತಲೆ ಆಡಿಸಿದರು.

ಹುಲಿಗೆಮ್ಮ ಅಪ್ಪನ ಸೀಟಿನಲ್ಲಿ ಕುಳಿತಳು. ಕೀಲಿ ತಿರುವಿದಳು. ಟೆಂಪೋ ಕೆಮ್ಮಿತು. ಮತ್ತೆ ತಿರುವಿದಳು. ಮತ್ತೆ ಕೆಮ್ಮಿತು. ಮೂರನೆಯ ಸಲ ತಿರುವಿದಳು. ಚಾಲೂ ಆಯಿತು.

ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಬಾಗಿಲು ಎಳೆದುಕೊಂಡಳು.

ಹುಲಿಗೆಮ್ಮ ಹಿಂದಿನ ದಾರಿ ನೋಡಲು ಕನ್ನಡಿಯತ್ತ ಕಣ್ಣೆತ್ತಿದಳು. ದಾರಿ ಕಾಣಲಿಲ್ಲ. ಟೆಂಪೋದ ಸೂರು ಕಂಡಿತು.

ಕನ್ನಡಿ ಇನ್ನೂ ಅಪ್ಪನ ಕಣ್ಣಿನ ಎತ್ತರಕ್ಕೇ ಇತ್ತು.