ಸಣ್ಣದು ಮಾಡು

"ದೊಡ್ಡ ಆಂಪ್ಲಿಫೈಯರನ್ನೇ ಮಾರು. ಇಲ್ಲದಿದ್ದರೆ ನಾಳೆಯಿಂದ ಬರಬೇಡ," ಎಂದು ವಾದ್ಯದಂಗಡಿಯ ಧನಿ ಧರಣೇಂದ್ರಯ್ಯ ಗುಮಾಸ್ತನಿಗೆ ಗದರಿದರು.

ಎದುರಿಗೆ ಗಿಟಾರ್ ಹಿಡಿದು ಫ್ಲೇವಿಯಾ ನಿಂತಿದ್ದಳು. "ಕಡಿಮೆ ಬೆಲೆಯ ಸಣ್ಣದು ಸಾಕಣ್ಣ. ಇರೋದೊಂದೇ ಕೋಣೆ. ಅಪ್ಪನಿಗೆ ಇನ್ನು ಹೆಚ್ಚು ದಿನ ಇಲ್ಲ. ಅವರ ಮಂಚದ ಪಕ್ಕದಲ್ಲೇ ಅಭ್ಯಾಸ ಮಾಡಬೇಕು."

ಗುಮಾಸ್ತ ಧನಿಯತ್ತ ತಿರುಗಿದ. "ದೊಡ್ಡದನ್ನ ನುಡಿಸಿ ತೋರಿಸಲಾ?"

"ತೋರಿಸು. ಕೇಳಿದ ಮೇಲೆ ಅವಳು ಬೇರೆಯದನ್ನ ಮುಟ್ಟೋದಿಲ್ಲ."

ಗುಮಾಸ್ತ ಅವಳ ಗಿಟಾರಿಗೆ ದೊಡ್ಡದರ ವೈರು ಸಿಕ್ಕಿಸಿ ಒಂದೇ ಸಲ ತಂತಿ ಮೀಟಿದ. ಕಪಾಟಿನ ಗಾಜು ನಡುಗಿತು. ಮಹಡಿಯಲ್ಲಿ ಹಾಸಿಗೆ ಹಿಡಿದಿದ್ದ ಧನಿಯ ತಾಯಿ ನರಳಿದ್ದು ಕೆಳಗೂ ಕೇಳಿಸಿತು.

ಧನಿಯ ಮುಖ ಬಿಳಿಚಿತು. "ಮೇಲೆ ಅಮ್ಮ ಮಲಗಿದ್ದಾಳೆ, ಸಣ್ಣದು ಮಾಡೋ."

"ಆಗಲಿ ಧನಿ," ಎಂದವನೇ ಗುಮಾಸ್ತ ವೈರು ಕಿತ್ತು ಸಣ್ಣ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೆಲ್ಲಗೆ ನುಡಿಸಿದ. ನರಳಾಟ ನಿಂತಿತು.

"ತಗೋ ತಂಗಿ, ಧನಿಗಳೇ ಆರಿಸಿಕೊಟ್ಟಿದ್ದಾರೆ. ಅವರ ಮನೆಯಲ್ಲೂ ಹೀಗೇ ಮಲಗಿದವರಿದ್ದಾರೆ."

ಧನಿ ಬೇಡವೆನ್ನಲಿಲ್ಲ. ಮಹಡಿಯತ್ತ ಕಿವಿಗೊಟ್ಟು, "ಇನ್ನೊಂದು ಸಲ ನುಡಿಸು," ಎಂದರು.