ಕೆಂಚಿ ಬರುವವರೆಗೆ

ತುಂಗಭದ್ರೆಯ ದಂಡೆಯಲ್ಲಿ ಗಾದಿಲಿಂಗಪ್ಪ ಎಂಬ ಮುದುಕನಿದ್ದ. ಬೇಟೆಯ ಸ್ಪ್ಯಾನಿಯಲ್ ನಾಯಿಗಳನ್ನು ಪಳಗಿಸುವುದರಲ್ಲೇ ಅವನ ಐವತ್ತು ವರ್ಷ ಕಳೆದಿತ್ತು. ಮೊಣಕಾಲೆತ್ತರದ, ಜೋಲುಗಿವಿಯ ನಾಯಿಗಳು ಅವು.

ಬೇಟೆ ನಿಂತುಹೋಗಿ ಬಹಳ ಕಾಲವಾಗಿತ್ತು. ಪಂದ್ಯ ಮಾತ್ರ ಉಳಿದಿತ್ತು. ಗರಿ ತುಂಬಿದ ಚೀಲವೊಂದನ್ನು ಕೆರೆಯ ಜೊಂಡಿನಲ್ಲಿ ಅಡಗಿಸುತ್ತಾರೆ. ನಾಯಿ ಮೂಸಿ ಹುಡುಕಬೇಕು. ಹಲ್ಲು ನಾಟಿಸದೆ ತಂದು ಯಜಮಾನನ ಕೈಗೇ ಕೊಡಬೇಕು.

ಹುಲಿಗೆಪ್ಪ ಈ ವಿದ್ಯೆ ಕಲಿಯಲು ಬಂದು ನಾಲ್ಕು ವರ್ಷವಾಗಿತ್ತು. ಮೊದಲು ಲಾರಿ ಓಡಿಸುತ್ತಿದ್ದ. ಆ ಕೆಲಸ ಬಿಟ್ಟು ಬಂದವನು. ಕೆಂಚಿ, ಭೈರ ಎಂಬ ಎರಡು ನಾಯಿಗಳನ್ನು ಮರಿಯಿಂದಲೇ ಸಾಕಿ ಕಲಿಸಿದ್ದ.

ಅವನಿಗೆ ತಾಳ್ಮೆ ಕಡಿಮೆ. ನಾಯಿ ಜೊಂಡಿನೊಳಗೆ ಕಣ್ಮರೆಯಾದರೆ ಸಾಕು, ಸೀಟಿ ಊದುತ್ತಿದ್ದ. ನಾಯಿ ಹುಡುಕುವುದನ್ನು ಅರ್ಧಕ್ಕೆ ಬಿಟ್ಟು ಓಡಿಬರುತ್ತಿತ್ತು.

ಒಂದು ದಿನ ಮುದುಕ ಕೈಚಾಚಿ ಸೀಟಿ ಇಸಿದುಕೊಂಡ.

"ತಾತ, ಇದಿಲ್ಲದೆ ಹೇಗೆ ಕರೆಯಲಿ?"

"ಕಳಿಸಿದವನು ನೀನೇ ಅಲ್ಲವೆ? ನಿಲ್ಲು."

"ಎಷ್ಟು ಹೊತ್ತು?"

ಮುದುಕ ಜೋಳದ ರೊಟ್ಟಿ ಮುರಿದು ನಾಯಿಗಳಿಗೆ ಹಾಕತೊಡಗಿದ.

ಆ ವರ್ಷದ ದೊಡ್ಡ ಪಂದ್ಯ ಎರಡು ದಿನದ ದಾರಿಯಷ್ಟು ದೂರದ ಒಂದು ಕೆರೆಯಲ್ಲಿ ನಡೆಯಿತು. ಗಾದಿಲಿಂಗಪ್ಪನಿಗೆ ಮಂಡಿನೋವು, ಬರಲಾಗಲಿಲ್ಲ. ಹುಲಿಗೆಪ್ಪ ಎರಡೂ ನಾಯಿಗಳನ್ನು ಕರೆದುಕೊಂಡು ಒಬ್ಬನೇ ಹೋದ.

ಮೊದಲ ಸುತ್ತಿನಲ್ಲಿ ಎರಡೂ ಗೆದ್ದವು. ಕೊನೆಯ ಸುತ್ತಿನಲ್ಲಿ ಮೊದಲು ಕೆಂಚಿಯ ಸರದಿ. ಕೈ ತೋರಿದ ಕಡೆ ಅದು ಜೊಂಡಿನೊಳಗೆ ನುಗ್ಗಿತು. ಗಡುವು ಹತ್ತು ನಿಮಿಷ. ಹತ್ತು ಮುಗಿಯಿತು, ಇಪ್ಪತ್ತಾಯಿತು, ಕೆಂಚಿ ಬರಲಿಲ್ಲ.

ತೀರ್ಪುಗಾರರು ಕೆಂಚಿ ಸೋತಿತೆಂದು ಬರೆದುಕೊಂಡು ಕೆರೆಯ ಆಚೆ ದಡಕ್ಕೆ ನಡೆದರು. ಭೈರನ ಸರದಿ ಅಲ್ಲಿ. ಆ ದಿನ ಭೈರನ ಹುರುಪು ನೋಡಿದವರೆಲ್ಲ ಈ ಸಲದ ಕಪ್ ಅದಕ್ಕೇ ಎಂದು ಮಾತಾಡಿಕೊಳ್ಳುತ್ತಿದ್ದರು.

ಹುಲಿಗೆಪ್ಪ ಭೈರನ ಹಗ್ಗ ಹಿಡಿದು ನಾಲ್ಕು ಹೆಜ್ಜೆ ಹೋದ. ತಿರುಗಿ ನೋಡಿದ. ಜೊಂಡು ಅಲುಗುತ್ತಿರಲಿಲ್ಲ.

ಅವನು ಹಿಂದಕ್ಕೆ ಬಂದು, ಕೆಂಚಿಯನ್ನು ಕಳಿಸಿದ ಜಾಗದಲ್ಲೇ ನಿಂತ.

ಆಚೆ ದಡದಿಂದ ಅವನ ಹೆಸರನ್ನು ಮೂರು ಸಲ ಕೂಗಿದರು. ನಾಲ್ಕು ವರ್ಷದ ದುಡಿಮೆಯೆಲ್ಲ ಆ ದಡದಲ್ಲಿತ್ತು. ಆದರೂ ಕದಲಲಿಲ್ಲ. ಕೊನೆಗೆ ಇನ್ನೊಬ್ಬನ ಹೆಸರು ಕೂಗಿದರು.

ಹೊತ್ತು ಇಳಿಯುವಾಗ ಕೆಂಚಿ ಬಂತು. ಮೈಯೆಲ್ಲ ಕೆಸರು, ಕಿವಿಯಲ್ಲಿ ಮುಳ್ಳು. ಚೀಲ ನೀರಿನಲ್ಲಿ ತೇಲಿ ದೂರ ಹೋಗಿತ್ತೋ ಏನೋ, ಆದರೂ ಅದನ್ನು ಬಾಯಲ್ಲಿ ಮೆತ್ತಗೆ ಹಿಡಿದಿತ್ತು. ನೇರ ಅವನ ಬಳಿಗೆ ಬಂದು ಕೈಗೆ ಕೊಟ್ಟಿತು.

ಊರಿಗೆ ಮರಳಿದ ಹುಲಿಗೆಪ್ಪ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ. ಕೆಂಚಿ ಸೋತದ್ದು, ಭೈರನನ್ನು ಪಂದ್ಯಕ್ಕೆ ಬಿಡದೇ ಇದ್ದದ್ದು, ಜನ ನಕ್ಕದ್ದು.

"ತಪ್ಪು ಮಾಡಿದೆ, ತಾತ. ಭೈರನ ಸರದಿ ಮುಗಿಸಿಯೇ ಬರಬಹುದಿತ್ತು. ಕೆಂಚಿ ಎಲ್ಲಿಗೆ ಹೋಗುತ್ತಿತ್ತು?"

ಮುದುಕ ಒಳಗೆ ಹೋಗಿ, ಕಪ್ಪಿಟ್ಟ ಬೆಳ್ಳಿಯ ಕಪ್ ಒಂದನ್ನು ತಂದು ಅವನ ಮುಂದಿಟ್ಟ. ಮುದುಕ ಗೆದ್ದ ಕಪ್‌ಗಳಲ್ಲೆಲ್ಲ ಅದೇ ದೊಡ್ಡದು.

"ಇದನ್ನು ಗೆದ್ದ ದಿನ ನನ್ನ ಹತ್ತಿರವೂ ಎರಡು ನಾಯಿ ಇದ್ದವು. ಮಲ್ಲಿ ಜೊಂಡಿಗೆ ಹೋದದ್ದು ಬರಲಿಲ್ಲ. ಇನ್ನೊಂದರ ಸರದಿ ಬಂತು. ನಾನು ಹೋದೆ. ಗೆದ್ದೆ."

"ಮಲ್ಲಿ?"

"ಸಂಜೆ ಹಿಂದಿರುಗಿ ನೋಡಿದರೆ, ನಾನು ನಿಂತಿದ್ದ ಜಾಗದಲ್ಲಿ ಕೂತಿತ್ತು. ಚೀಲ ಇನ್ನೂ ಬಾಯಲ್ಲೇ ಇತ್ತು."

ಹುಲಿಗೆಪ್ಪ ಕಪ್ ಅನ್ನು ಮೆಲ್ಲಗೆ ಬದಿಗೆ ಸರಿಸಿದ.

"ಆಮೇಲೆ ಅದು ನಿಮ್ಮ ಮಾತು ಕೇಳುವುದನ್ನು ಬಿಟ್ಟಿತೆ, ತಾತ?"

"ಇಲ್ಲ. ಇನ್ನೂ ಒಂಬತ್ತು ವರ್ಷ ಬದುಕಿತ್ತು. ಕರೆದಾಗಲೆಲ್ಲ ಬಂತು. ಕರೆಯದೆ, ತಾನಾಗಿ ಒಂದು ದಿನವೂ ನನ್ನ ಬಳಿಗೆ ಬರಲಿಲ್ಲ."