ಸಪ್ಪೆ ನೀರು

ಹೊಳೆಯಾಚೆಯ ನೇಕಾರರ ಕೇರಿಯಿಂದ ಆಶ್ರಮಕ್ಕೆ ಹೇಳಿಕೆ ಬಂತು. ಅಲ್ಲಿನ ಹೆಂಗಸರ ನಡುವೆ ಇದ್ದು, ಅವರ ಕಷ್ಟಸುಖಕ್ಕೆ ಆಗಲು ಒಬ್ಬರು ಬೇಕು. ಸೋಮವಾರ ದೋಣಿ ತರುತ್ತೇವೆ.

ಹನ್ನೊಂದು ವರ್ಷದಿಂದ ಆಶ್ರಮದಲ್ಲಿ ಕಲಿಯುತ್ತಿದ್ದ ಸರ್ವಮಂಗಳಾ ಗುರುಗಳ ಮುಂದೆ ಹೋಗಿ ನಿಂತಳು. ಗುರುಗಳನ್ನು ಅಲ್ಲಿ ಎಲ್ಲರೂ ತಾಯಿ ಎನ್ನುತ್ತಿದ್ದರು.

“ತಾಯಿ, ನನ್ನನ್ನು ಕಳಿಸಿ.”

ತಾಯಿ ಅವರೆಕಾಯಿ ಸುಲಿಯುತ್ತಿದ್ದರು. “ಹೋದ ವಾರ ಆ ಕೇರಿಯ ಹೆಂಗಸೊಬ್ಬಳು ನಿನ್ನ ಮುಂದೆ ಕೂತು ಅತ್ತಳಲ್ಲ, ಯಾಕೆ ಅತ್ತಳು?”

“ಅವಳಿಗೆ ಕರ್ಮಫಲದ ವಿಚಾರ ತಿಳಿಸಿ ಹೇಳಿದೆ ತಾಯಿ. ಮೂರು ಶ್ಲೋಕ, ಅರ್ಥಸಹಿತ.”

“ಯಾಕೆ ಅತ್ತಳು?”

ಸರ್ವಮಂಗಳಾ ನೆನಪು ಮಾಡಿಕೊಂಡಳು. ನೆನಪಿಗೆ ಬಂದದ್ದೆಲ್ಲ ತನ್ನ ಮಾತೇ.

“ಪ್ರಾರ್ಥನಾ ಮಂದಿರದ ಕಿಟಕಿ ತೊಳೆ. ಆಮೇಲೆ ನೋಡೋಣ,” ಎಂದರು ತಾಯಿ.

ಮಂದಿರದ ಗಾಜಿನ ಕಿಟಕಿಗಳು ಎರಡಾಳು ಎತ್ತರ. ಅವನ್ನು ತೊಳೆಯಲೆಂದೇ ಭಕ್ತರೊಬ್ಬರು ಉದ್ದನೆಯ ಕೋಲೊಂದನ್ನು ಕೊಟ್ಟಿದ್ದರು. ಪೈಪಿನಲ್ಲಿ ನೀರು ಕೋಲಿನುದ್ದಕ್ಕೂ ಏರಿ, ತುದಿಯ ಬ್ರಷ್ಷಿನಿಂದ ಸುರಿಯುತ್ತಿತ್ತು. ಜೊತೆಗೆ ನೀರಿನ ಉಪ್ಪು, ಸುಣ್ಣ ಎಲ್ಲ ತೆಗೆಯುವ ಒಂದು ಯಂತ್ರ. ಅದರಿಂದ ಇಳಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಡುತ್ತಿದ್ದರು.

ಸರ್ವಮಂಗಳಾ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದಳು. ಸಪ್ಪೆ.

ಅವಳು ಮೊದಲನೆಯ ಗಾಜನ್ನು ಫಳಫಳ ಹೊಳೆಯಿಸಿ, ಕೊನೆಗೆ ಮೇಲಿನ ಚೌಕಟ್ಟು ಉಜ್ಜಿದಳು. ಕಪ್ಪು ನೀರು ಗಾಜಿನ ತುಂಬ ಇಳಿಯಿತು.

ತಾಯಿ ಆ ದಾರಿಯಲ್ಲೇ ಬಂದರು. “ಮುಖ ತೊಳೆದು ಪೌಡರು ಹಚ್ಚಿದ ಮೇಲೆ ತಲೆಗೆ ನೀರು ಹಾಕಿಕೊಳ್ಳುತ್ತೀಯೇನೇ?”

ಕೋಲು ಇಸಿದುಕೊಂಡು ತೋರಿಸಿದರು. ಮೊದಲು ಚೌಕಟ್ಟು. ಅದರ ಹನಿ ನಿಲ್ಲುವವರೆಗೆ ಸುಮ್ಮನೆ ಕಾಯಬೇಕು. ಆಮೇಲೆ ಗಾಜು. ಉಜ್ಜಿದ ಮೇಲೆ ಬ್ರಷ್ಷನ್ನು ನಾಲ್ಕು ಬೆರಳು ದೂರ ಹಿಡಿದು, ಮೇಲಿನ ಅಂಚಿನಿಂದ ನೀರು ಬಿಡುತ್ತ ಕೆಳಗಿಳಿಯಬೇಕು.

“ಒರೆಸುವ ಬಟ್ಟೆ ತಾಯಿ?”

“ಒರೆಸಬೇಡ. ಅದೇ ಒಣಗುತ್ತೆ.”

ಮರುದಿನ ಭಾನುವಾರ. ಸರ್ವಮಂಗಳೆಗೆ ಒಂದು ಯೋಚನೆ ಬಂತು. ಪೂಜೆ ನಡೆಯುವ ಮಂದಿರ. ಅದಕ್ಕೆ ಇಂಥ ಸಪ್ಪೆ ನೀರೇ? ಅವಳು ದೇವರ ಅಭಿಷೇಕವಾದ ತೀರ್ಥವನ್ನು, ಗಂಧ ಸಮೇತ, ಎರಡು ಬಿಂದಿಗೆ ಡ್ರಮ್ಮಿಗೆ ಸುರಿದಳು. ಸ್ತೋತ್ರ ಹೇಳುತ್ತ ಒಂದೊಂದೇ ಗಾಜು ತೊಳೆದಳು. ಚೌಕಟ್ಟು ಮೊದಲು, ಗಾಜು ಆಮೇಲೆ, ಮೇಲಿಂದ ಕೆಳಕ್ಕೆ. ಎಲ್ಲೂ ತಪ್ಪಲಿಲ್ಲ.

ಬಿಸಿಲಿಗೆ ಗಾಜು ಒಣಗಿತು. ಕಿಟಕಿಯ ಮೈಮೇಲೆಲ್ಲ ಬಿಳಿ ಚುಕ್ಕೆ, ಸಿಡುಬು ಎದ್ದಂತೆ.

ಅವಳು ಗಾಬರಿಯಾಗಿ ಸೆರಗಿನಿಂದ ಒರೆಸಿದಳು. ಚುಕ್ಕೆಗಳು ಹೋಗಿ ಗೀರುಗಳಾದವು.

“ನೀರಿಗೆ ಏನು ಹಾಕಿದೆ?” ಹಿಂದಿನಿಂದ ತಾಯಿಯ ದನಿ.

“ಕೆಟ್ಟದ್ದೇನೂ ಅಲ್ಲ ತಾಯಿ. ತೀರ್ಥ.”

“ಪಾಪ, ಗಾಜಿಗೆ ಭಕ್ತಿ ಕಡಿಮೆ.”

ತಾಯಿ ಡ್ರಮ್ಮಿನಿಂದ ಒಂದು ಚೊಂಬು ನೀರು, ಯಂತ್ರದಿಂದ ಒಂದು ಚೊಂಬು ನೀರು ತರಿಸಿದರು. ಕೆಳಗಿನ ಎರಡು ಗಾಜುಗಳನ್ನು ಚೆನ್ನಾಗಿ ತಿಕ್ಕಿಸಿ, ಒಂದಕ್ಕೆ ಇದನ್ನು, ಇನ್ನೊಂದಕ್ಕೆ ಅದನ್ನು ಸುರಿದರು. ಜಗಲಿಯ ಮೇಲೆ ಕೂತು, “ಬಾ, ಕೂತ್ಕೋ,” ಎಂದರು.

ಇಬ್ಬರೂ ಗಾಜು ಒಣಗುವುದನ್ನು ಕಾಯುತ್ತ ಕೂತರು. ಬಿಸಿಲು ಹಿತವಾಗಿತ್ತು. ಒಂದು ಗಾಜಿನ ಮೇಲೆ ಚುಕ್ಕೆಗಳು ಮೂಡಿದವು. ಇನ್ನೊಂದರ ಆಚೆ ದೀಪದ ಕಂಬವೂ, ಹಾಸಿದ ಚಾಪೆಯೂ ಕಾಣಿಸಿದವು. ನಡುವೆ ಗಾಜು ಇದೆಯೆಂದೇ ತೋರಲಿಲ್ಲ.

“ಸಪ್ಪೆ ನೀರೇ ಗೆದ್ದಿತು,” ಎಂದಳು ಸರ್ವಮಂಗಳಾ, ಸಣ್ಣ ದನಿಯಲ್ಲಿ.

“ಗೆಲ್ಲುವುದೇನು ಬಂತು? ಬಿಟ್ಟುಹೋಗುವುದಕ್ಕೆ ಅದರ ಹತ್ತಿರ ಏನೂ ಇರಲಿಲ್ಲ.”

ಸರ್ವಮಂಗಳಾ ತುಂಬ ಹೊತ್ತು ಆ ಗಾಜನ್ನೇ ನೋಡಿದಳು. ಆಮೇಲೆ ಎದ್ದು, ಡ್ರಮ್ಮಿನ ನೀರನ್ನು ತುಳಸಿ ಗಿಡಗಳಿಗೆ ಹಾಕಿ, ಡ್ರಮ್ಮು ತೊಳೆದು, ಮತ್ತೆ ಮೊದಲ ಕಿಟಕಿಯ ಚೌಕಟ್ಟಿನಿಂದ ಶುರು ಮಾಡಿದಳು.

ಸೋಮವಾರ ದೋಣಿ ಬಂತು. ಕೇರಿಯ ಪರವಾಗಿ ದೇವಕ್ಕ ಎಂಬಾಕೆ ಬಂದಿದ್ದಳು. ತಾಯಿ ಒಳಗೆ ಇದ್ದುದರಿಂದ ಸರ್ವಮಂಗಳಾ ಅವಳಿಗೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು.

ಯಾರೂ ಕೇಳದೆಯೇ ದೇವಕ್ಕ ಶುರು ಮಾಡಿದಳು. “ಮೂರು ವರ್ಷ ಆಯ್ತವ್ವ, ನಾನೂ ನನ್ನ ನೆಗೆಣ್ಣಿಯೂ ಮಾತಾಡಿ. ನಡುವೆ ಒಂದೇ ಗೋಡೆ. ಅವಳ ಮಗ್ಗದ ಸದ್ದು ನನ್ನ ದಿಂಬಿಗೆ ಕೇಳುತ್ತೆ. ಆದರೂ ಮಾತಿಲ್ಲ.”

ಸರ್ವಮಂಗಳೆಯ ನಾಲಿಗೆಯ ತುದಿಗೆ ಕ್ಷಮೆಯ ಮೇಲಿನ ಶ್ಲೋಕ ಬಂತು. ಅವಳು ಅದನ್ನು ನುಂಗಿಕೊಂಡಳು.

“ಎಲ್ಲ ಒಂದು ಒರಳಿನ ಸಲುವಾಗಿ. ಅತ್ತೆ ಸತ್ತಾಗ ಅವಳು ಹೊತ್ತುಕೊಂಡು ಹೋದಳು. ಹಾಳಾಗಿ ಹೋಗಲಿ ಅಂತ ಸುಮ್ಮನಾದೆ. ಸುಮ್ಮನಾದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.” ದೇವಕ್ಕನಿಗೆ ತನಗೇ ನಗು ಬಂತು. ಹಿಂದೆಯೇ ಕಣ್ಣಲ್ಲಿ ನೀರು. “ಹೋದ ತಿಂಗಳು ನನಗೆ ಜ್ವರ ಬಂದಿತ್ತು. ಗೋಡೆಯಾಚೆ ಮಗ್ಗ ನಿಂತಿತು, ಎರಡು ದಿನ. ನಾನು ಮಲಗಲಿ ಅಂತ ನಿಲ್ಲಿಸಿದ್ದಳು ಕಣವ್ವ.”

ಸರ್ವಮಂಗಳಾ ಅವಳ ಮುಖವನ್ನೇ ನೋಡುತ್ತ ಕೂತಿದ್ದಳು. “ಆಮೇಲೆ?” ಎಂದಳು.

“ಆಮೇಲೇನು? ಈ ಹಬ್ಬಕ್ಕೆ ನಾನೇ ಹೋಗಿ ಕರೆದರೆ ನನ್ನ ಮೂಗೇನು ಉದುರುತ್ತಾ?” ದೇವಕ್ಕ ಮುಖ ಒರೆಸಿಕೊಂಡಳು. ಉಳಿದ ಮಜ್ಜಿಗೆ ಒಂದೇ ಗುಟುಕಿಗೆ ಕುಡಿದಳು. ಹೊರಗೆ ಬಂದ ತಾಯಿಯನ್ನು ಕಂಡು, “ಈಕೆಯನ್ನೇ ಕಳಿಸಿ ತಾಯಿ. ಬಲು ಚೆನ್ನಾಗಿ ಬುದ್ಧಿ ಹೇಳ್ತಾರೆ,” ಎಂದಳು.

ತಾಯಿ ಆಗಲಿ ಎಂದು ತಲೆಯಾಡಿಸಿದರು.

ಸರ್ವಮಂಗಳಾ ಓಡಿಹೋಗಿ ಬಟ್ಟೆಯ ಗಂಟು ತಂದಳು. ಇನ್ನೊಂದು ಕೈಯಲ್ಲಿ ಹನ್ನೊಂದು ವರ್ಷ ಬರೆದಿಟ್ಟ ಪುಸ್ತಕಗಳ ಪೆಟ್ಟಿಗೆ. ಭಾರಕ್ಕೆ ಅವಳ ಭುಜ ಜಗ್ಗುತ್ತಿತ್ತು.

ತಾಯಿ ಪೆಟ್ಟಿಗೆಗೆ ಕೈ ಚಾಚಿದರು.

“ಇದು ಇಲ್ಲೇ ಇರಲಿ ಮಂಗಳಾ. ಆ ಕೇರಿಯವರ ಮಾತಿಗೇ ದೋಣಿಯಲ್ಲಿ ಜಾಗ ಸಾಲದು.”